ಗಂಡನ ಹೆಸರಿನ ಕಾಲಂ

ಸರಕಾರಿ ಕಾಗದ ತರುತ್ತೇನೆಂದು ಮನೆಯಿಂದ ಹೊರಟವರು ನಗುವಂಥ ಒಂದು ಪ್ರಸಂಗವನ್ನೂ ಕಟ್ಟಿಕೊಂಡು ಬರಲಿಲ್ಲವೆಂದರೆ, ಅವರು ಕಚೇರಿಗೆ ಹೋಗಿಯೇ ಇಲ್ಲ, ಬೀಗರ ಮನೆಗೆ ಹೋಗಿ ಉಂಡು ಮಲಗಿ ಬಂದಿದ್ದಾರೆ ಎಂದೇ ತಿಳಿಯಬೇಕು. ನಾನು ಮತ್ತು ನಮ್ಮವ್ವ ಮೂರು ವರ್ಷ ತಿರುಗಿದೆವು. ನಮ್ಮ ಗಂಟು ಸಾಕಷ್ಟು ದೊಡ್ಡದಿದೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ನಮ್ಮಪ್ಪ ತೀರಿಕೊಂಡ. ಇಲಕಲ್ಲಿನಲ್ಲಿ ನಮ್ಮದು ಎರಡಂಕಣದ ಮನೆ. ಒಂದಂಕಣದಲ್ಲಿ ನಾವು, ಇನ್ನೊಂದರಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ, ಒಡಲಿನ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕಿ ಕೂಡಿಸಿ, ಸೀರೆ ನೇಯುತ್ತಿದ್ದ. ಅವನು ಹೋದ ಮರುತಿಂಗಳು ಅವ್ವ ಅದೇ ಕುಣಿಯಲ್ಲಿ ಇಳಿದು ಕೂತಳು. ಮಗ್ಗ ಬರೇ ಇಟ್ಟರೆ ಇಲಿ ನೂಲು ತಿನ್ನುತ್ತವೆ ಎಂದಳು, ಅಷ್ಟೇ. ನಾನು ಅದೇ ಊರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು. ಶಿಕ್ಷಕಿಗೆ ನಮ್ಮ ಕಡೆ ಹಾಗೇ ಅನ್ನುವುದು.

ಮನೆ ಅಪ್ಪನ ಹೆಸರಿನಲ್ಲಿತ್ತು. ಅವ್ವನ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟರೆ, ಅಪ್ಪನ ತಮ್ಮ, ಅಂದರೆ ನನ್ನ ಕಾಕಾ, ತಕರಾರು ಹಾಕಿದ. ಈಕೆ ನಮ್ಮಣ್ಣನನ್ನು ಮದುವೆಯಾದವಳು ಎಂಬುದಕ್ಕೆ ಕಾಗದವೇನಿದೆ ಎಂಬುದು ಅವನ ಪ್ರಶ್ನೆ. ಆ ಮದುವೆಯಲ್ಲಿ ಒಂಬತ್ತು ವರ್ಷದ ಹುಡುಗನಾಗಿ ಹನ್ನೊಂದು ಹೋಳಿಗೆ ಉಂಡು ಹೊಟ್ಟೆನೋವು ತಂದುಕೊಂಡವನು ಇವನೇ. ಅಜವಾನದ ನೀರು ಕುಡಿಸಿ ಮಲಗಿಸಿದವಳು ಮದುಮಗಳೇ. ಈಗ ಮನೆ ತನ್ನ ಪಾಲಿಗೆ ಬರಲಿ, ಮೊದಲು ಮಗ್ಗದ ಕುಣಿ ಮುಚ್ಚಿಸಿ ಕಿರಾಣಿ ಅಂಗಡಿ ಹಾಕುತ್ತೇನೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಆ ಮಾತು ಕೇಳಿದ ದಿನ ನಾನು ಅವ್ವನಿಗೆ ಹೇಳಿದೆ, ಕುಣಿ ಮುಚ್ಚುವುದಾದರೆ ನನ್ನನ್ನು ಅದರೊಳಗೆ ಇಟ್ಟೇ ಮುಚ್ಚಬೇಕು ಎಂದು. ಅವ್ವ, ಸಾಲೆಗೆ ಹೊತ್ತಾಗುತ್ತದೆ, ಮೊದಲು ರೊಟ್ಟಿ ತಿನ್ನು ಎಂದಳು.

ನಮ್ಮ ಅರ್ಜಿ ಹೋದ ಕಚೇರಿ ಯಾವ ಊರಿನದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಕಚೇರಿಗಳಿಗೆ, ನಾವೇನು ಕಡಿಮೆ ಎಂದು ಬೇಸರವಾದೀತು. ಅಲ್ಲಿ ದಪ್ಪ ಕನ್ನಡಕದ ಕಾರಕೂನನೊಬ್ಬನಿದ್ದ. ಅವನು ಮೂರು ಕಾಗದ ಕೇಳಿದ. ಅಪ್ಪ ಸತ್ತದ್ದಕ್ಕೆ ಒಂದು, ಅವ್ವ ಹುಟ್ಟಿದ್ದಕ್ಕೆ ಒಂದು, ಇಬ್ಬರೂ ಮದುವೆಯಾದದ್ದಕ್ಕೆ ಒಂದು.

ಊರೆಲ್ಲ ಹೇಳಿದ ಹೆಸರು

ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ. ಅಪ್ಪನ ಹೆಸರಿನ ಸುಳಿವಿರುವ ಶಬ್ದವನ್ನು ಕೂಡ ಬಾಯಿಗೆ ತರುತ್ತಿರಲಿಲ್ಲ. ಅಪ್ಪನ ಹೆಸರು ಸಂಗಪ್ಪ. ಓಣಿಯಲ್ಲಿ ಸಂಗವ್ವ ಎಂಬ ಹೆಣ್ಣುಮಗಳಿದ್ದಳು. ಅವಳನ್ನು ಅವ್ವ ಮೂವತ್ತು ವರ್ಷ "ಏ ಇಕಿ" ಎಂದೇ ಕರೆದಳು. ಕೂಡಲಸಂಗಮಕ್ಕೆ ಹೋಗುವುದಿದ್ದರೆ, "ಕೂಡೂ ಊರಿಗೆ ಹೋಗಿ ಬರ್ತೇನಿ" ಎನ್ನುವಳು. ಎರಡು ಹೊಳೆ ಕೂಡುವ ಊರು ಎಂದು ನಾವು ಮನೆಯವರು ತಿಳಿದುಕೊಳ್ಳಬೇಕು.

ಅರ್ಜಿ ಕೊಡಬೇಕಾದ ಮೊದಲ ದಿನ ನಮ್ಮ ಸಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ನನಗೆ ರಜೆ ಸಿಗಲಿಲ್ಲ. ಅವ್ವ ಒಬ್ಬಳೇ ಕಚೇರಿಗೆ ಹೋದಳು. ಬೇವಿನ ಗಿಡದ ಕೆಳಗೆ ಕೂತಿದ್ದ ಅರ್ಜಿ ಬರೆಯುವವನಿಂದ ಫಾರ್ಮು ತುಂಬಿಸಿದಳು. ಗಂಡನ ಹೆಸರಿನ ಕಾಲಂ ಖಾಲಿ ಬಿಟ್ಟು, ಅದನ್ನು ಒಳಗೇ ಹೇಳು ಎಂದು ಅವನು ಜಾರಿಕೊಂಡ.

ಒಳಗೆ ಕಾರಕೂನ ಗಂಡನ ಹೆಸರು ಕೇಳಿದ. ಅವ್ವ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತಳು. ಅವನು ಎರಡನೆಯ ಸಲ ಕೇಳಿದ. ಅವ್ವ ಇನ್ನೊಂದು ಸಲ ಸೆರಗು ಸರಿಮಾಡಿಕೊಂಡಳು. ಹಿಂದೆ ಸಾಲಿನಲ್ಲಿ ನಿಂತವರಿಗೆ ಬಸ್ಸಿನ ಹೊತ್ತು ಮೀರುತ್ತಿತ್ತು. ಅವರೇ ಶುರು ಮಾಡಿದರು. ದೇವರ ಹೆಸರೇ ಇಟ್ಟಿದ್ದಾರೇನು? ಹೌದೆಂದು ಅವ್ವ ತಲೆಯಾಡಿಸಿದಳು. ಬಸಪ್ಪ? ಅಲ್ಲ. ಈರಪ್ಪ? ಅಲ್ಲ. ಮಹಾಂತಪ್ಪ? ಅದೂ ಅಲ್ಲ. ಕೊನೆಗೆ ಬಳೆ ಅಂಗಡಿಯ ಸಾಬರೊಬ್ಬರು ತಿಳಿವಳಿಕೆಯಿಂದ ಕೇಳಿದರು.

"ಆ ದೇವರು ಎಲ್ಲಿರ್ತಾನವಾ, ಗುಡ್ಡದಾಗೋ ಹೊಳಿ ದಂಡ್ಯಾಗೋ?"

"ಎರಡು ಹೊಳಿ ಕೂಡ್ತಾವಲ್ರಿ, ಅಲ್ಲಿ" ಎಂದಳು ಅವ್ವ.

ಸಾಲಿನಲ್ಲಿದ್ದ ಇಪ್ಪತ್ತು ಜನ ಒಮ್ಮೆಲೇ "ಸಂಗಪ್ಪ" ಎಂದು ಕೂಗಿದರು. ಹೊರಗೆ ಕಟ್ಟೆಯ ಮೇಲೆ ಮಲಗಿದ್ದ ಯಾವನೋ ಸಂಗಪ್ಪ ತನ್ನನ್ನೇ ಕರೆದರೆಂದು ಎದ್ದು ಒಳಗೆ ಬಂದನಂತೆ. ಅವ್ವ ನಾಚಿ ತಲೆ ತಗ್ಗಿಸಿದಳು. ಕಾರಕೂನ ಮಾತ್ರ ಪೆನ್ನು ಎತ್ತಲಿಲ್ಲ. ಮಂದಿ ಹೇಳಿದ್ದನ್ನು ಬರೆದುಕೊಳ್ಳಲು ಬರುವುದಿಲ್ಲ, ಅರ್ಜಿದಾರಳ ಬಾಯಿಂದಲೇ ಬರಬೇಕು ಎಂದ. ಅವ್ವನ ಬಾಯಿಂದ ಬರಲಿಲ್ಲ. ಆಗ ಅವನು ಆ ಕಾಲಂನಲ್ಲಿ ದುಂಡಗೆ ಬರೆದ: "ಅರ್ಜಿದಾರಳಿಗೆ ಗಂಡನ ಹೆಸರು ಗೊತ್ತಿಲ್ಲ."

ಅದನ್ನು ಅವನು ಅವ್ವನಿಗೆ ಓದಿ ಹೇಳಲಿಲ್ಲ. ಸಂಜೆ ನಾನು ಏನಾಯಿತೆಂದು ಕೇಳಿದರೆ ಅವ್ವ ಕನಿಕರದಿಂದ ಹೇಳಿದಳು: "ಪಾಪ, ಆ ಕಾರಕೂನಗ ಕಿವಿ ಮಂದ ಐತಿ. ಇಪ್ಪತ್ತು ಮಂದಿ ಒದರಿದ್ರೂ ಕೇಳಿಸಲಿಲ್ಲ."

ಸಾವಿನ ಕಾಗದ

ಅಪ್ಪ ಸತ್ತ ದಾಖಲೆ ಊರಲ್ಲೇ ಸಿಕ್ಕಿತು, ಅದೂ ಕೇಳಿದ ದಿನವೇ. ಅಷ್ಟು ಬೇಗ ಸಿಕ್ಕಿದ್ದಕ್ಕೆ ನನಗೆ ಅನುಮಾನ ಬಂದು ಹೆಸರು, ತಾರೀಖು ಎಲ್ಲ ನಾಲ್ಕು ಸಲ ತಿರುಗಿಸಿ ನೋಡಿದೆ. ಎಲ್ಲ ಸರಿಯಿತ್ತು. ಸರಿಗಿಂತ ಹೆಚ್ಚೇ ಇತ್ತು. ಸುದ್ದಿ ಕೊಟ್ಟವರ ಜಾಗದಲ್ಲಿ ಕಾಕಾನ ಸಹಿ, ಮೇಲೆ ಅವನ ಹೇಳಿಕೆ: "ನನ್ನ ಅತ್ತಿಗೆ ನಿಂಗವ್ವ ಇವಳು ಹೇಳಿ ಕಳಿಸಿದ ಮೇರೆಗೆ ಬಂದು ನೋಡಲಾಗಿ ನನ್ನ ಅಣ್ಣ ಮೃತನಾಗಿದ್ದನು."

ನಿಂಗವ್ವ ಅಂದರೆ ನಮ್ಮವ್ವ. ಸತ್ತ ದಿನ ಅತ್ತಿಗೆಯಾಗಿದ್ದವಳು ತಕರಾರಿನ ದಿನ ಯಾರೂ ಅಲ್ಲದವಳಾಗಿದ್ದಳು. ಆ ಕಾಗದ ಹಿಡಿದು ನಾನು ಸಿಕ್ಕ ಬಸ್ಸು ಹತ್ತಿ ಕಚೇರಿಗೆ ಓಡಿದೆ. ನಮ್ಮ ಅರ್ಜಿಯ ಮೇಲೆ ಆ ದುಂಡನೆಯ ಸಾಲನ್ನು ನಾನು ಮೊದಲು ನೋಡಿದ್ದು ಅವತ್ತೇ. ಮೈ ಉರಿಯಿತು. ಇದನ್ನು ಹೊಡೆದುಹಾಕಿ ಎಂದೆ. ಬರೆದದ್ದು ಬರೆದದ್ದೇ, ಹಣೆಬರಹವನ್ನು ಯಾರಾದರೂ ಹೊಡೆದುಹಾಕುತ್ತಾರೇನು ಎಂದ ಕಾರಕೂನ. ಹಾಗಾದರೆ ಇದನ್ನಾದರೂ ನೋಡಿ, ತಕರಾರು ಮಾಡಿದವನೇ ಅತ್ತಿಗೆ ಎಂದು ಸಹಿ ಮಾಡಿದ್ದಾನೆ ಎಂದು ಕಾಗದ ಮುಂದಿಟ್ಟೆ.

ಅವನು ಕನ್ನಡಕ ಏರಿಸಿಕೊಂಡು ಓದಿ, ಸಣ್ಣ ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ, "ಅಕ್ಕೋರ, ಇದು ಸಾವಿನ ಕಾಗದ. ಸಾವಿನ ಕಾಗದದಾಗ ಮದಿವಿ ಹುಡುಕಬಾರದು" ಎಂದ.

"ಯಾಕ್ರಿ, ನಿಮ್ಮ ಮನ್ಯಾಗ ಅವೆರಡೂ ಬ್ಯಾರೆ ಬ್ಯಾರೆ ಏನ್ರಿ?" ಎಂದು ಕೇಳಿ ಎದ್ದು ಬಂದೆ.

ಸಾಕು

ಅವ್ವ ಹುಟ್ಟಿದ್ದು ಐಹೊಳೆಯಲ್ಲಿ. ಆಗಿನ ಹುಟ್ಟಿನ ಪುಸ್ತಕ ಸಿಕ್ಕಿತು, ಆದರೆ ಪೂರ್ತಿ ಮೋಡಿ ಅಕ್ಷರ. ಒಂದಕ್ಕೊಂದು ಜೋತುಬಿದ್ದ ಆ ಬರಹವನ್ನು ಓದಬಲ್ಲವರು ಊರಲ್ಲಿ ಒಬ್ಬರೇ ಉಳಿದಿದ್ದರು. ಹಿಂದೆ ಕುಲಕರ್ಣಿಕೆ ಮಾಡಿದ ಮುದುಕರು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದಕ್ಕೆ ಭೂತಗನ್ನಡಿ ಹಿಡಿಯುತ್ತಿದ್ದರು. ತಲಾಟಿ, ಅಂದರೆ ಊರಿನ ಲೆಕ್ಕಪತ್ರ ನೋಡುವವನು, ಪುಸ್ತಕವನ್ನು ಬಗಲಲ್ಲಿ ಹಿಡಿದು ನಮ್ಮನ್ನು ಅವರ ಕಟ್ಟೆಗೆ ಕರೆದೊಯ್ದ.

ನಮಗೆ ಬೇಕಾದದ್ದು ಒಂದು ಸಾಲು. ಮುದುಕರು ಮೊದಲ ಪುಟದಿಂದ ಸುರು ಮಾಡಿದರು. ಬಹಳ ವರ್ಷಗಳ ಮೇಲೆ ಕೈಗೆ ಬಂದ ಪುಸ್ತಕ, ಸುಮ್ಮನೆ ಬಿಡುತ್ತಾರೆಯೇ? ಒಂದೊಂದು ಹೆಸರು ಓದಿದ ಮೇಲೂ ನಿಂತು ಒಂದು ಮಾತು ಸೇರಿಸುವರು. ಇವನು ಹುಟ್ಟಿದ ವರ್ಷ ಇವರಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದ. ಇವಳು ಹುಟ್ಟಿದ್ದಾಳೆಂದು ಬರೆಸಿದ್ದು ಇವಳ ಅವ್ವ ಅಪ್ಪನ ಲಗ್ನವಾಗಿ ಆರು ತಿಂಗಳಿಗೆ. ಸುದ್ದಿ ತಿಳಿದು ಕಟ್ಟೆಯ ಸುತ್ತ ಜನ ಕೂಡಿದರು. ಪುಟ ತಿರುವಿದ ಹಾಗೆ, ಮೀಸೆ ಹಣ್ಣಾದ ಮೂವರು ಗಂಡಸರು ದನಕ್ಕೆ ನೀರು ಕುಡಿಸುವುದಿದೆ ಎಂದು ಎದ್ದುಹೋದರು. ಅವರಿಗೆ ದನ ಇಲ್ಲವೆಂದು ಉಳಿದವರು ಹೇಳಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನನ್ನಜ್ಜನ ಹೆಸರು ಬಂತು. ಮುದುಕರು ಭೂತಗನ್ನಡಿ ಹತ್ತಿರ ಹಿಡಿದು ಓದಿದರು: "ಹೆಣ್ಣು. ನಾಲ್ಕನೆಯದು. ಹೆಸರು, ಸಾಕು."

ಆದದ್ದಿಷ್ಟು. ನಾಲ್ಕನೆಯದೂ ಹೆಣ್ಣೇ ಎಂದು ಅಜ್ಜ ಮುಖ ಗಂಟುಹಾಕಿಕೊಂಡು ಚಾವಡಿಗೆ ಹೋಗಿದ್ದ. ಹೆಸರೇನು ಬರೆಯಲಿ ಎಂದು ಕೇಳಿದ್ದಕ್ಕೆ "ಸಾಕು" ಎಂದ. ಬರೆಯುವವನು ಬರೆದ. ಹದಿಮೂರನೆಯ ದಿನ ಮನೆಯ ಹೆಂಗಸರು ತೊಟ್ಟಿಲಲ್ಲಿ ಹಾಕಿ ನಿಂಗವ್ವ ಎಂದು ಕರೆದದ್ದು ಪುಸ್ತಕಕ್ಕೆ ತಿಳಿಯಲಿಲ್ಲ. ಈ ಸಾಕು ನಿಮ್ಮವ್ವನೇ ಎಂದು ಹೇಗೆ ಬರೆದುಕೊಡಲಿ ಎಂದು ತಲಾಟಿ ತಲೆ ಕೆರೆದುಕೊಂಡ. ತಡಿ ಎಂದು ಮುದುಕರು ಇನ್ನೆರಡು ಪುಟ ತಿರುವಿದರು. ಅದೇ ಅಜ್ಜ, ಎರಡು ವರ್ಷದ ಮೇಲೆ: "ಹೆಣ್ಣು. ಐದನೆಯದು. ಹೆಸರು, ಮತ್ತೊಂದು."

ಇದು ನಮ್ಮ ಚಿಕ್ಕವ್ವ. ಇಂಥ ಹೆಸರು ಇಡಬಲ್ಲ ಮನೆ ಊರಲ್ಲಿ ಒಂದೇ ಎಂದು ಕಟ್ಟೆಯ ಮೇಲಿನವರೆಲ್ಲ ಸಾಕ್ಷಿ ಹೇಳಿದರು. ತಲಾಟಿ ಬರೆದುಕೊಟ್ಟ. ಕಾಗದ ಸಿಕ್ಕಿತು, ನನಗೆ ಮಾತ್ರ ಖುಷಿಯಾಗಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದೆನ್ನುತ್ತಾರೆ, ನಾನು ಹುನಗುಂದ ಮುಟ್ಟುವವರೆಗೂ ಬಸ್ಸಿನಲ್ಲಿ ಅಜ್ಜನನ್ನು ಬೈದೆ. ಹೆತ್ತ ಮಗಳಿಗೆ ಸಾಕು ಅನ್ನುವವನು ಎಂಥ ಮನುಷ್ಯ ಎಂದೆ.

ಅವ್ವ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ಅಂವ ಬರೆಸಿದ್ದು ಖರೆ ಆತಲ್ಲ. ಕಡೀಗೆ ಕಣ್ಣು ಹ್ವಾದ ಮ್ಯಾಲ ಹನ್ನೆರಡು ವರ್ಷ ಅವನ್ನ ಸಾಕಿದಾಕಿ ನಾನ."

"ಮತ್ತ ಮತ್ತೊಂದು?" ಎಂದೆ.

"ಮತ್ತೊಂದು ಹಬ್ಬಕ್ಕ ಬಂದು ಉಂಡು ಹೋಕ್ಕಿತ್ತು" ಎಂದಳು.

ಎತ್ತರದ ವರ

ಮದುವೆಯ ಕಾಗದಕ್ಕೆ ಬಾದಾಮಿ ಕಡೆ ವಿಚಾರಿಸತಕ್ಕದ್ದು ಎಂದು ಕಚೇರಿಯಿಂದ ಚೀಟಿ ಬಂತು. ಬಾದಾಮಿಗೂ ನಮಗೂ ಏನು ಸಂಬಂಧವೆಂದು ಕೇಳಿದರೆ, ನಿಮ್ಮ ಅರ್ಜಿಯಲ್ಲೇ ಇದೆ ಎಂದ ಕಾರಕೂನ. ಅರ್ಜಿ ತೋರಿಸು ಎಂದರೆ, ಫೈಲು ಸಾಹೇಬರ ಕಡೆ ಹೋಗಿದೆ ಎಂದ. ಒಂದು ದಿನದ ರಜೆ ಹಾಕಿ ಅವ್ವನನ್ನು ಕರೆದುಕೊಂಡು ಹೊರಟೆ.

ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ ಮಂಗವೊಂದು ಅವ್ವನ ಕೈಚೀಲ ಕಸಿದುಕೊಂಡು ಗೋಡೆ ಏರಿತು. ಚೀಲದಲ್ಲಿ ರೊಟ್ಟಿಯೂ ಇತ್ತು, ಎರಡು ವರ್ಷ ತಿರುಗಿ ಕೂಡಿಸಿದ ಕಾಗದವೂ ಇತ್ತು. ಮಂಗ ಕಾಗದಗಳನ್ನು ಒಂದೊಂದೇ ತೆಗೆದು ನೋಡಿ ಕೆಳಗೆ ಎಸೆಯಿತು, ರೊಟ್ಟಿ ಇಟ್ಟುಕೊಂಡಿತು. ತನಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ಅದಕ್ಕಾದರೂ ಗೊತ್ತಿತ್ತು.

ಅಲ್ಲಿಗೂ ನಮ್ಮ ಅರ್ಜಿಯ ನಕಲು ಹೋಗಿತ್ತು. ಅಲ್ಲಿದ್ದ ವಯಸ್ಸಾದ ಕಾರಕೂನರೊಬ್ಬರು ಕೂರಿಸಿ, ನೀರು ಕೊಟ್ಟು, ಓದಿ ಹೇಳಿದರು. ಮದುವೆಯಾದ ಸ್ಥಳ: ಮಹಾಕೂಟ. ನಾನು ಅವ್ವನ ಮುಖ ನೋಡಿದೆ. ಅವಳ ಮದುವೆಯಾದದ್ದು ಕೂಡಲಸಂಗಮದಲ್ಲಿ.

"ಮಹಾಕೂಟ ಅಂತ ಯಾಕ ಬರೆಸಿದಿ?"

"ನಾ ಎಲ್ಲಿ ಬರೆಸೇನಿ? ಕೂಡೂ ಊರು ಅಂತ ಹೇಳೀನಿ."

ಬೇವಿನ ಗಿಡದ ಕೆಳಗಿನವನು ಕೂಡುವುದನ್ನು ಕೂಟ ಮಾಡಿ, ದೊಡ್ಡ ದೇವಸ್ಥಾನವಿರಲಿ ಎಂದು ಮುಂದೆ ಮಹಾ ಸೇರಿಸಿದ್ದ. ಬಾದಾಮಿಯ ಕಾರಕೂನರು ಕಣ್ಣೀರು ಬರುವ ಹಾಗೆ ನಕ್ಕು, ಹೇಗೂ ಇಲ್ಲಿಯವರೆಗೆ ಬಂದಿದ್ದೀರಿ, ಮಹಾಕೂಟದ ದೇವರಿಗೆ ಕೈಮುಗಿದು ಹೋಗಿ ಎಂದರು. ಹೋದೆವು.

ಹೊಂಡದ ದಂಡೆಯ ಮೇಲೆ ಕಾಯಿ ಮಾರುವ ಮುದುಕನೊಬ್ಬ ಯಾಕೆ ಬಂದಿರೆಂದು ಕೇಳಿದ. ನಾನು ಹೇಳಿದ ಉದ್ದ ಕತೆಯಲ್ಲಿ ಅವನಿಗೆ ಕೇಳಿಸಿದ್ದು ಮದುವೆ ಮತ್ತು ಸಾಕ್ಷಿ, ಇವೆರಡೇ. ತಕ್ಷಣ ಅವನಿಗೆ ಎಲ್ಲ ನೆನಪಾಯಿತು. ನಿಮ್ಮ ಮದುವೆಯ ದಿನ ಸಣ್ಣಗೆ ಮಳೆ ಹನಿದಿತ್ತು, ಬಾಜಾ ಭಜಂತ್ರಿಯವರು ಹೊಂಡದ ಆ ಕಡೆ ಕೂತಿದ್ದರು, ನಾನೇ ಕಾಯಿ ಕೊಟ್ಟಿದ್ದೆ ಎಂದ. ಇನ್ನಿಬ್ಬರು ಗೆಳೆಯರನ್ನೂ ಕರೆದ. ಅವರಿಗೂ ಮಳೆ ನೆನಪಿತ್ತು. ಎಲ್ಲಿ ಬೇಕಾದರೂ ಬಂದು ಹೇಳುತ್ತೇವೆ, ಸಹಿ ಮಾಡುತ್ತೇವೆ, ನಿಮ್ಮಂಥ ಹೆಣ್ಣುಮಕ್ಕಳಿಗೆ ಅಷ್ಟೂ ಮಾಡದಿದ್ದರೆ ಹೇಗೆ ಎಂದರು.

ಖರೆ ಹೇಳಬೇಕೆಂದರೆ ನನ್ನ ಮನಸ್ಸು ಜಾರಿತು. ಆದ ಮದುವೆಗೆ ಕಚೇರಿ ಒಪ್ಪುವಂಥ ಒಂದು ಸಾಕ್ಷಿಯೂ ಉಳಿದಿರಲಿಲ್ಲ. ಧಾರೆ ಎರೆಸಿದ ಅಯ್ಯನವರು ಎಂದೋ ಲಿಂಗೈಕ್ಯರಾಗಿದ್ದರು. ಆಗದ ಮದುವೆಗೆ ಮೂರು ಸಾಕ್ಷಿ ಇಲ್ಲಿ ನಿಂತಿದ್ದವು. ಮೂರು ಸಹಿ, ಮನೆ ಉಳಿಯುತ್ತದೆ, ಕುಣಿ ಉಳಿಯುತ್ತದೆ. ನಾನು ಚೀಲದಿಂದ ಪೆನ್ನು ತೆಗೆದೂ ಬಿಟ್ಟಿದ್ದೆ. ಅವ್ವ ನನ್ನ ಕೈ ಹಿಡಿದು ತಡೆದು, ಮದುಮಗ ಹೇಗಿದ್ದ ಎಂದು ಮುದುಕನನ್ನು ಕೇಳಿದಳು.

"ಭಾಳ ಎತ್ತರ ಇದ್ದ, ಯವ್ವಾ. ಗುಡಿ ಬಾಗಿಲಾಗ ಬಗ್ಗಿ ಬರಬೇಕಾತು."

ನಮ್ಮಪ್ಪ ಕುಣಿಯಲ್ಲಿ ಇಳಿದು ಕೂತರೆ ಬಾಗಿಲಿಗೆ ಬಂದವರು, ಮನೆಯಲ್ಲಿ ಯಾರೂ ಇಲ್ಲವೇನು ಎಂದು ಕೇಳುತ್ತಿದ್ದರು. ಅವ್ವ ಮೂವರಿಗೂ ಕೈಮುಗಿದಳು. "ಯಪ್ಪಗೋಳ್ರ್ಯಾ, ಈ ವಯಸ್ಸಿನ್ಯಾಗ ನನ್ನ ಇನ್ನೊಬ್ಬಗ ಕಟ್ಟಬ್ಯಾಡ್ರಿ" ಎಂದು ಹೇಳಿ, ಎರಡು ಕಾಯಿ ಕೊಂಡು ಹೊರಟಳು.

ವಾಪಸು ಬರುವಾಗ ನಾನು ಮಂಗ ಎಸೆದ ಕಾಗದಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ. ಸುಳ್ಳಿಗೆ ಕೈಹಾಕಿದ್ದಕ್ಕೆ ನಾಚಿಕೆಯಾಗಿತ್ತು, ಮನೆ ಹೋಗುತ್ತದೆಂದು ಹೆದರಿಕೆಯೂ ಆಗಿತ್ತು. ಅವ್ವ ತನ್ನಷ್ಟಕ್ಕೆ ನಗುತ್ತ ಹೇಳಿದಳು: "ಎತ್ತರದಾಂವ ಸಿಗಲಿ ಅಂತ ನಾ ಆಗ ಬೇಡಿಕೊಂಡಿದ್ದು ಖರೆ ನೋಡು."

ಒಡಪು

ಮೂರನೆಯ ವರ್ಷ ವಿಚಾರಣೆ ಬಾಗಲಕೋಟೆಯಲ್ಲಿ ದೊಡ್ಡ ಸಾಹೇಬರ ಮುಂದೆ ಬಂತು. ನಮ್ಮ ಕನ್ನಡಕದ ಕಾರಕೂನ ಫೈಲು ಎದೆಗವಚಿಕೊಂಡು ಮೊದಲೇ ಬಂದು ನಿಂತಿದ್ದ. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಜನಬಲವಿರಲಿ ಎಂದು ಹೆಂಡತಿಯನ್ನೂ, ಅಂದರೆ ನನ್ನ ಕಾಕಿಯನ್ನೂ, ಕರೆತಂದಿದ್ದ. ನಮ್ಮ ಕೈಯಲ್ಲಿ ಸಾವಿನ ಕಾಗದ ಇತ್ತು, ಸಾಕು ಎಂಬ ಹುಟ್ಟಿನ ಕಾಗದ ಇತ್ತು. ಮದುವೆಯ ಕಾಗದ ಇರಲಿಲ್ಲ.

ಸಾಹೇಬರು ಮೈಸೂರು ಕಡೆಯವರು. ಮೆತ್ತಗೆ, ಅವ್ವನ ಕಡೆ ತಿರುಗಿ, "ತಾಯಿ, ನಿಮ್ಮ ಯಜಮಾನರ ಹೆಸರೇನೆಂದು ದಯವಿಟ್ಟು ತಿಳಿಸುವಿರಾ?" ಎಂದು ಕೇಳಿದರು.

ಅವ್ವ ನನ್ನ ಕಿವಿಯಲ್ಲಿ, "ಯಾವ ಪುಸ್ತಕ ಓದಾಕತ್ತಾರ ಇವರು?" ಎಂದಳು.

ನಾನು ಅರ್ಥ ಹೇಳಿದೆ. ಅವ್ವ ಸೆರಗು ಸರಿಮಾಡಿಕೊಂಡಳು. ಕಾಕಾ ಇದಕ್ಕೇ ಕಾದಿದ್ದ. ಫೈಲಿನಲ್ಲಿ ಬರೆದದ್ದನ್ನು ಓದಿಸಿ ಎಂದ. ಕಾರಕೂನ ಗಂಟಲು ಸರಿಮಾಡಿಕೊಂಡು ಓದಿದ: ಅರ್ಜಿದಾರಳಿಗೆ ಗಂಡನ ಹೆಸರು ಗೊತ್ತಿಲ್ಲ.

"ಗಂಡನ ಹೆಸರ ಗೊತ್ತಿಲ್ಲದಾಕಿ ಹೆಂಡ್ತಿ ಹೆಂಗ ಆಗ್ತಾಳ್ರಿ ಸಾಹೇಬ್ರ?" ಎಂದು ಕಾಕಾ ಕೈ ಚಾಚಿದ.

ಮೂರು ವರ್ಷದ ಸಿಟ್ಟು ನನ್ನ ನೆತ್ತಿಗೇರಿತು. ಆದರೆ ಸಾಲೆಯಲ್ಲಿ ನಲವತ್ತು ಹುಡುಗಿಯರನ್ನು ಸಂಬಾಳಿಸಿದವಳು ನಾನು. ಯಾರನ್ನು ಎಬ್ಬಿಸಿ ಪ್ರಶ್ನೆ ಕೇಳಬೇಕೆಂಬುದು ಗೊತ್ತಿತ್ತು. ಕಾಕಿಯ ಗಂಡನ ಹೆಸರೇನೆಂದು ಕಾಕಿಯನ್ನೇ ಕೇಳಬೇಕು ಎಂದು ಸಾಹೇಬರಿಗೆ ಹೇಳಿದೆ.

ಸಾಹೇಬರು ಕೇಳಿದರು. ಕಾಕಿ ಸೆರಗನ್ನು ಗಲ್ಲದ ತನಕ ಎಳೆದುಕೊಂಡಳು. ಕಾಕಾ ಮೊದಲು ನಗುತ್ತ, ಹೇಳು ಎಂದ. ಆಮೇಲೆ ಹಲ್ಲು ಕಚ್ಚಿ, ಹೇಳು ಎಂದ. ಕಾಕಿ ಗೋಡೆಯ ಕಡೆ ತಿರುಗಿ ನಿಂತಳು. ಅವನು ಅವಳ ಮುಂದೆ ಹೋಗಿ ನಿಂತು, ಮನೆ ಹೋಗುತ್ತದೆ, ಒಂದು ಸಲ ಹೇಳು ಎಂದು ಅಂಗಲಾಚಿದ. ಗೋಡೆಗೆ ಮುಖ ಮಾಡಿಯೇ ಕಾಕಿ ಬಾಯಿಬಿಟ್ಟಳು.

"ಮಂದಿ ಮುಂದ ನನ್ನ ಕಡಿಂದ ಹೆಸರ ಹೇಳಸಾಕ ನಿಮಗ ನಾಚಿಕಿ ಬರಂಗಿಲ್ಲೇನು?"

ಸಾಹೇಬರು ನಗದೆ ಕೇಳಿದರು, "ಹಾಗಾದರೆ ಇವರೂ ನಿಮ್ಮ ಪತ್ನಿ ಅಲ್ಲವೆಂದು ಬರೆದುಕೊಳ್ಳಲೇ?" ಕಾಕಾ ಕುರ್ಚಿ ಹುಡುಕಿಕೊಂಡು ಕೂತ. ಆಮೇಲೆ ಸಾಹೇಬರು ಸಾವಿನ ಕಾಗದ ಎತ್ತಿಕೊಂಡು, ಈ ಸಹಿ ಯಾರದು, ಅತ್ತಿಗೆ ಅಂದರೆ ಯಾರು ಎಂದರು. ಅವನು ಧೋತರದ ಅಂಚು ಸರಿಮಾಡಿಕೊಳ್ಳತೊಡಗಿದ. ಸಾವಿನ ಕಾಗದದಲ್ಲಿ ಮದುವೆ ಸಿಕ್ಕಿತ್ತು. ನಾನು ಕಾರಕೂನನ ಕನ್ನಡಕವನ್ನು ಬೇಕೆಂದೇ ದಿಟ್ಟಿಸಿ ನೋಡಿದೆ.

ತಕರಾರು ವಜಾ, ಮನೆ ನಿಂಗವ್ವನ ಹೆಸರಿಗೆ ಎಂದರು ಸಾಹೇಬರು. ಆದರೂ ಆ ಕಾಲಂ ತುಂಬಲೇಬೇಕು, ನಿಮ್ಮ ಬಾಯಿಂದ ಹೇಗೆ ಬರುತ್ತದೋ ಹಾಗೆ ಬರಲಿ, ಅದನ್ನೇ ಬರೆಸುತ್ತೇನೆ ಎಂದರು. ಹೇಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳಲ್ಲಿ ಬಾಗಿಲು ಅಡ್ಡಗಟ್ಟಿ ಹೆಂಗಸರಿಂದ ಗಂಡನ ಹೆಸರು ಹೇಳಿಸುತ್ತಾರಲ್ಲ, ಪದ ಕಟ್ಟಿ ಅದರೊಳಗೆ ಹೆಸರು ಬಚ್ಚಿಟ್ಟು ಹೇಳುವ ಒಡಪು, ಹಾಗೆ ಮಾತ್ರ ಬರುತ್ತದೆ. ಆದರೆ ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ. ಅಂಥ ಕಾರ್ಯಗಳಲ್ಲಿ ಮೂರು ವರ್ಷದಿಂದ ಅವ್ವ ಹಿಂದಿನ ಸಾಲಿನಲ್ಲಿ ಕೂತು ಬರುತ್ತಿದ್ದಳು.

ಅವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಳ್ಳಲಿಲ್ಲ. ಫ್ಯಾನು ತಿರುಗುವ ಆ ಕೋಣೆಯಲ್ಲಿ, ತಲೆ ಎತ್ತಿ, ಗಟ್ಟಿಯಾಗಿ ಹೇಳಿದಳು:

"ಒಡಲಿಗೆ ಸೆರಗು ಕೊಂಡಿ ಕೂಡಿದರ ಇಲಕಲ್ಲ ಸೀರಿ,
ಕೃಷ್ಣಿಗೆ ಮಲಪ್ರಭಿ ಕೂಡಿದ ಮ್ಯಾಲ ಎರಡಕ್ಕೂ ಒಂದ ದಾರಿ,
ಕುಣ್ಯಾಗ ಕುಂತು ಲಾಳಿ ಒಗದಾರ ದಿನಕ ಸಾವಿರ ಸಾರಿ,
ಸಂಗಪ್ಪನವರ ಹೆಸರು ಹೇಳೀನಿ, ತಕರಾರ ಇದ್ದರ ಹೇಳ್ರಿ."

ಯಾರಿಗೂ ತಕರಾರು ಇರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಗೋಡೆ ಕಡೆ ನಿಂತ ಕಾಕಿ ಸೆರಗಿನೊಳಗೇ, ಭಾಳ ಛಲೋ ಆತು ಯಕ್ಕಾ ಎಂದಳು. ಮೊದಲಿನ ಸಾಲು ಹೊಡೆದುಹಾಕಿ ಇದನ್ನು ಪೂರ್ತಿ ಬರೆಯಿರಿ ಎಂದು ಸಾಹೇಬರು ಕಾರಕೂನನಿಗೆ ಹೇಳಿದರು. ಹಣೆಬರಹವನ್ನು ಯಾರೂ ಹೊಡೆದುಹಾಕುವುದಿಲ್ಲ ಎಂದವನು ಸ್ಕೇಲು ಇಟ್ಟು ಎರಡು ಗೆರೆ ಎಳೆದ. ಕಾಲಂ ಸಣ್ಣದು, ಒಡಪು ದೊಡ್ಡದು. ಕೃಷ್ಣಿ ಮಲಪ್ರಭಿ ಕಾಲಂ ದಾಟಿ ಅಂಚಿನವರೆಗೆ ಹರಿದವು.

ಬರೆದು ಮುಗಿಸಿ ಅವನು ಶಾಯಿಯ ಪ್ಯಾಡು ಮುಂದೆ ಸರಿಸಿ, ಹೆಬ್ಬೆಟ್ಟು ಒತ್ತವಾ ಎಂದ. ಅವ್ವ ಕೈ ಹಿಂದೆ ಕಟ್ಟಿಕೊಂಡಳು.

"ಒತ್ತಂಗಿಲ್ಲ. ಒಡಪು ಹೇಳಿಸಿದಾಂವ ತಾನೂ ಹೆಂಡ್ತಿ ಹೆಸರು ಹೇಳಬೇಕು. ಹೇಳು ತಮ್ಮಾ."

ಪದ್ಧತಿ ಇರುವುದು ಹಾಗೆಯೇ, ಅದನ್ನು ಮುರಿಯಲು ಯಾವ ಸರಕಾರಕ್ಕೂ ಬರುವುದಿಲ್ಲ. ಕಾರಕೂನ ಸಾಹೇಬರನ್ನು ನೋಡಿದ. ಸಾಹೇಬರು ಪೆನ್ನು ಕೆಳಗಿಟ್ಟು, ಕೈಕಟ್ಟಿ, ಹೇಳಿ ನೋಡೋಣ ಎಂಬಂತೆ ಕೂತರು. ಬಾಗಿಲಲ್ಲಿದ್ದ ಜವಾನನೂ ಒಳಗೆ ಬಂದ. ಕಾರಕೂನ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದ. ಕಿವಿಯ ತುದಿ ಕೆಂಪಾಯಿತು. ಬಾಯಿ ತೆರೆದ, ಬರೇ ಗಾಳಿ ಬಂತು.

ಅವ್ವ ಎಷ್ಟು ಹೊತ್ತು ಕಾಯಬೇಕೋ ಅಷ್ಟು ಹೊತ್ತು ಕಾದಳು. ಆಮೇಲೆ ಶಾಯಿಯಲ್ಲಿ ಹೆಬ್ಬೆಟ್ಟು ಅದ್ದಿ, ತನ್ನ ಮನೆಯ ಕಾಗದದ ಮೇಲೆ ಒತ್ತಿ, ಸಾಹೇಬರ ಕಡೆ ತಿರುಗಿ ಹೇಳಿದಳು:

"ಬರಕೋರಿ ಸಾಹೇಬ್ರ. ಕಾರಕೂನಗ ಹೆಂಡ್ತಿ ಹೆಸರು ಗೊತ್ತಿಲ್ಲ."